ಇನ್ನೂ ಹುಟ್ಟದವನ ಹುಟ್ಟೂರು: ಬಳಕೆದಾರರ ಕೈಪಿಡಿ

ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಮುಂದೆ ಬೇಕಾದಾಗ ಕೈಗೆ ಸಿಗುವಂತೆ ಜೋಪಾನವಾಗಿಡಿ. ಮುಂದೆ ಅಂದರೆ ಇಲ್ಲಿ ಸುಮಾರು ಇನ್ನೂರು ವರ್ಷ. ಲ್ಯಾಮಿನೇಷನ್ ಮಾಡಿಸಿಟ್ಟರೆ ಒಳ್ಳೆಯದು.

ಈ ಸಲಕರಣೆ ಸಣ್ಣ ಊರುಗಳಿಗಾಗಿ ಮಾತ್ರ ತಯಾರಾದದ್ದು. ವಿಜ್ಞಾನ ಕಥೆ, ಅದ್ಭುತ ಕಥೆಗಳ ಉತ್ಸವವನ್ನು ಮಹಾನಗರದಲ್ಲಿ ನಡೆಸುವುದಕ್ಕೆ ಬುದ್ಧಿ ಬೇಕಿಲ್ಲ. ಒಂದು ಎ.ಸಿ. ಸಭಾಂಗಣ, ನಾಲ್ಕು ಜನ ನಟರು, ಕಣ್ಣು ಕತ್ತಲೆ ಬರಿಸುವ ಟಿಕೆಟ್ ದರ ಇದ್ದರೆ ಆಯಿತು. ಹೆದ್ದಾರಿ ಬಿಟ್ಟು ಒಳಗಿರುವ, ಹರೆಯದವರೆಲ್ಲ ಕೆಲಸ ಹುಡುಕಿಕೊಂಡು ಹೊರಟುಹೋದ ಊರಿಗೆ ಹೊರಗಿನವರನ್ನು ಕರೆತರುವುದು, ಅದೂ ಇನ್ನೂ ನಡೆದೇ ಇಲ್ಲದ ಘಟನೆಯೊಂದನ್ನು ತೋರಿಸಿ ಕರೆತರುವುದು, ಬೇರೆಯೇ ವಿದ್ಯೆ. ಅದರ ಮೂಲ ಮಾದರಿ ಅಮೆರಿಕದ ಅಯೋವಾ ರಾಜ್ಯದ ರಿವರ್‌ಸೈಡ್. ಸಾವಿರದ ಆಸುಪಾಸಿನ ಜನ, ಸುತ್ತ ಮುಸುಕಿನ ಜೋಳದ ಹೊಲ, ಪಕ್ಕದಲ್ಲೊಂದು ಸಾಧಾರಣ ನದಿ. ಆ ಊರಿನ ಹೆಮ್ಮೆಯ ಮಗ 2228ರಲ್ಲಿ ಹುಟ್ಟಲಿದ್ದಾನೆ.

ಬೇಕಾಗುವ ಸಾಮಗ್ರಿ

ಊರು ಒಂದು. ಅಲ್ಲಿ ಮೊದಲಿಂದಲೂ ನಡೆದುಬಂದ, ಹೊರಗಿನವರ ಹತ್ತಿರ ಹೇಳಿಕೊಳ್ಳುವಂಥದ್ದೇನೂ ಇಲ್ಲದ ಬೇಸಗೆಯ ಹಬ್ಬ ಒಂದು. ಬೇರೆ ಯಾರೋ ಬರೆದ ಕಥೆಯಲ್ಲಿ ತುಂಬದೆ ಉಳಿದ ಜಾಗ ಒಂದು. ಪುಸ್ತಕ ಓದುವ ಚಾಳಿಯಿರುವ ಪುರಸಭಾ ಸದಸ್ಯ ಒಬ್ಬ. ಟ್ರೇಲರ್ ಒಂದು, ವೆಲ್ಡಿಂಗ್ ಬಲ್ಲವರು ಮೂರ್ನಾಲ್ಕು ಮಂದಿ. ಪೆಟ್ಟಿಗೆಯಲ್ಲಿ ನಾಚಿಕೆಯೂ ಬಂದಿದ್ದರೆ ಅದನ್ನು ತೆಗೆದು ಬದಿಗಿಡಿ. ಸಾಗಣೆಯಲ್ಲಿ ಉಳಿದ ಭಾಗಗಳು ಅಲುಗಾಡದಿರಲಿ ಎಂದು ಹಾಕಿರುತ್ತಾರೆ, ಜೋಡಣೆಗೆ ಬೇಕಾಗುವುದಿಲ್ಲ.

ಕಥೆಯ ಮೇಲೆ ನಿಮಗೆ ಹಕ್ಕಿರಬೇಕಾಗಿಲ್ಲ. ಊರಿನವರೆಲ್ಲ ಅದನ್ನು ನೋಡಿರಬೇಕಾಗಿಯೂ ಇಲ್ಲ. ನೋಡದವರೇ ಪೆಂಡಾಲು ಹಾಕುವುದರಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ನೋಡಿದವರು ಹಗ್ಗ ಹಿಡಿದುಕೊಂಡು ಎರಡನೇ ಸರಣಿಯ ಬಗ್ಗೆ ವಾದಕ್ಕೆ ನಿಲ್ಲುತ್ತಾರೆ.

ಮೊದಲ ಹಂತ: ಖಾಲಿ ಜಾಗ ಹುಡುಕುವುದು

‘ಸ್ಟಾರ್ ಟ್ರೆಕ್’ ಧಾರಾವಾಹಿ ಅಮೆರಿಕದ ಟಿವಿಯಲ್ಲಿ ಶುರುವಾದದ್ದು 1966ರಲ್ಲಿ. 23ನೇ ಶತಮಾನದ ‘ಎಂಟರ್‌ಪ್ರೈಸ್’ ನೌಕೆ, ಅದರ ಕ್ಯಾಪ್ಟನ್ ಜೇಮ್ಸ್ ಟಿ. ಕರ್ಕ್, ಅವನ ಪಕ್ಕದಲ್ಲಿ ವಲ್ಕನ್ ಗ್ರಹದ ಅಪ್ಪನಿಗೂ ಭೂಮಿಯ ಅಮ್ಮನಿಗೂ ಹುಟ್ಟಿದ, ಚೂಪು ಕಿವಿಯ ಸ್ಪಾಕ್. ಮೂರು ಸರಣಿ ಓಡಿ 1969ರಲ್ಲಿ ನಿಂತುಹೋಯಿತು. ಮರುಪ್ರಸಾರದಲ್ಲಿ ಮೊದಲಿಗಿಂತ ಹೆಚ್ಚು ಬದುಕಿತು. ಅದನ್ನು ಹುಟ್ಟುಹಾಕಿದ ಜೀನ್ ರಾಡೆನ್‌ಬೆರಿ ಮತ್ತು ಸ್ಟೀಫನ್ ವಿಟ್‌ಫೀಲ್ಡ್ ಹೆಸರಿನಲ್ಲಿ 1968ರಲ್ಲಿ ಬಂದ ‘ದಿ ಮೇಕಿಂಗ್ ಆಫ್ ಸ್ಟಾರ್ ಟ್ರೆಕ್’ ಪುಸ್ತಕದಲ್ಲಿ ಕರ್ಕ್ ಅಯೋವಾ ರಾಜ್ಯದ ಸಣ್ಣ ಊರೊಂದರಲ್ಲಿ ಹುಟ್ಟಿದವನು ಎಂಬ ಮಾತಿದೆ. ಊರಿನ ಹೆಸರಿಲ್ಲ.

ಅಯೋವಾದಲ್ಲಿ ಸ್ವಂತ ಆಡಳಿತವಿರುವ ಊರುಗಳೇ ಒಂಬೈನೂರಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಸಣ್ಣವೇ. ಆದರೂ ಹದಿನೇಳು ವರ್ಷ ಆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ, ಬಿದ್ದರೂ ಅದು ಖಾಲಿ ಸೈಟು ಎಂದು ಹೊಳೆಯಲಿಲ್ಲ. 1985ರಲ್ಲಿ ರಿವರ್‌ಸೈಡಿನ ಸದಸ್ಯ ಸ್ಟೀವ್ ಮಿಲ್ಲರ್ ಸಭೆಯಲ್ಲಿ ಎದ್ದು, ಆ ಊರು ನಮ್ಮದೇ ಯಾಕಾಗಬಾರದು ಎಂದು ಕೇಳಿದರು. ಠರಾವು ಪಾಸಾಯಿತು. ರಾಡೆನ್‌ಬೆರಿಗೆ ಪತ್ರ ಹೋಯಿತು. ಅವರೂ ಆಗಲಿ ಎಂದರು.

ಇಲ್ಲಿ ಒಂದು ಕ್ಷಣ ನಿಂತು ಆ ವರ್ಷವನ್ನು ನೋಡಿ. 1980ರ ದಶಕದ ನಡುಭಾಗ ಅಯೋವಾದ ರೈತರಿಗೆ ಕೆಟ್ಟ ಕಾಲ. ಎಪ್ಪತ್ತರ ದಶಕದಲ್ಲಿ ಬ್ಯಾಂಕುಗಳು ಕರೆದು ಕರೆದು ಸಾಲ ಕೊಟ್ಟಿದ್ದವು, ಆಮೇಲೆ ಬಡ್ಡಿ ಏರಿತು, ಧಾನ್ಯದ ಬೆಲೆ ಇಳಿಯಿತು. 1981ರಿಂದ 1986ರ ಒಳಗೆ ಅಲ್ಲಿನ ಹೊಲಗಳ ಬೆಲೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಜಮೀನು ಹರಾಜು, ಟ್ರ್ಯಾಕ್ಟರ್ ಹರಾಜು, ಕೆಲವು ಬ್ಯಾಂಕುಗಳೇ ಮುಚ್ಚಿದ್ದು, ಎಲ್ಲ ನಡೆಯಿತು. ಅಂಥ ದಿನಗಳಲ್ಲಿ ಒಂದು ಊರಿನ ಸಭೆ ಚರಂಡಿ, ಬೀದಿದೀಪಗಳ ನಡುವೆ 23ನೇ ಶತಮಾನದ ಹೆರಿಗೆಯನ್ನು ಚರ್ಚೆಗೆ ತೆಗೆದುಕೊಂಡಿತು. ಇದನ್ನು ತಮಾಷೆ ಎಂದು ಬರೆದವರು ತುಂಬ ಮಂದಿ. ನನಗೆ ಹಾಗನ್ನಿಸುವುದಿಲ್ಲ. ವರ್ತಮಾನದ ಮೇಲೆ ಯಾವ ಬ್ಯಾಂಕೂ ಸಾಲ ಕೊಡದಿದ್ದಾಗ ಅವರು ಭವಿಷ್ಯವನ್ನು ಅಡವಿಟ್ಟರು, ಅಷ್ಟೆ. ಲೆಕ್ಕ ಸರಿಯಾಗಿಯೇ ಇತ್ತು.

ಎರಡನೇ ಹಂತ: ಕಲ್ಲು ನೆಡುವುದು

ಖಾಲಿ ಜಾಗ ಸಿಕ್ಕ ಕೂಡಲೇ ಕಲ್ಲು ನೆಡಿ. ತಡ ಮಾಡಿದರೆ ಪಕ್ಕದ ಊರಿನವರು ನೆಡುತ್ತಾರೆ. ಕಲ್ಲಿನ ಮೇಲೆ ಹೆಸರು, ತಾರೀಕು ಎರಡೂ ಇರಲಿ. ರಿವರ್‌ಸೈಡಿನ ಕಲ್ಲು ಅದು ಕ್ಯಾಪ್ಟನ್ ಕರ್ಕನ ಮುಂದಿನ ಜನ್ಮಸ್ಥಳವೆಂದು ಸಾರಿ, 2228ರ ಮಾರ್ಚ್ 22 ಎಂದು ದಿನವನ್ನೂ ಕೊಟ್ಟಿದೆ. ತಾರೀಕು ಎಲ್ಲಿಂದ ಬಂತು ಎಂದು ಕೇಳಬೇಡಿ. ಕೇಳಿಯೇ ಕೇಳುತ್ತೀರಿ ಎಂದಾದರೆ, ಕರ್ಕನ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಹುಟ್ಟಿದ್ದು 1931ರ ಮಾರ್ಚ್ 22ರಂದು. ನಾಯಕನಿಗೆ ನಟನ ಹುಟ್ಟುಹಬ್ಬವನ್ನೇ ಕೊಟ್ಟುಬಿಟ್ಟರೆ ಕೇಕು ಒಂದರಲ್ಲೇ ಮುಗಿಯುತ್ತದೆ.

ಕಲ್ಲನ್ನು ಊರ ನಡುವಿನ ಭವ್ಯ ವೃತ್ತದಲ್ಲಿ ನಿಲ್ಲಿಸುವ ಆಸೆ ಬಿಡಿ. ಅವರದು ಹಿಂದೆ ಕ್ಷೌರದಂಗಡಿಯಿದ್ದ ಕಟ್ಟಡದ ಹಿತ್ತಲಲ್ಲಿದೆ. ಹುಡುಕಿಕೊಂಡು ಬಂದವರು ಅಂಗಡಿಯನ್ನು ಬಳಸಿ, ಗಲ್ಲಿ ತಿರುಗಿ, ಇದೇನಾ ಎಂದು ಪರಸ್ಪರ ಮುಖ ನೋಡಿಕೊಂಡು, ಆಮೇಲೆ ಫೋಟೊ ತೆಗೆಸಿಕೊಳ್ಳುತ್ತಾರೆ. ಸುಲಭವಾಗಿ ಸಿಕ್ಕ ಕ್ಷೇತ್ರಕ್ಕೆ ಮಹಿಮೆ ಕಡಿಮೆ. ನಮ್ಮಲ್ಲಿ ಗದುಗಿನ ವೀರನಾರಾಯಣ ಗುಡಿಗೆ ಹೋದವರು ಮೊದಲು ಕೇಳುವುದು, ಕುಮಾರವ್ಯಾಸ ಒರಗಿ ಕೂತು ಬರೆದ ಕಂಬ ಯಾವುದು ಎಂದು. ಗೊತ್ತಿದ್ದವರು ತೋರಿಸುತ್ತಾರೆ. ದಾಖಲೆ ಕೇಳಿದವರನ್ನು ನಾನಂತೂ ಕಂಡಿಲ್ಲ. ಕನ್ನಡದ ಓದುಗರಿಗೆ ಆದ್ದರಿಂದ ಈ ಹಂತದಲ್ಲಿ ತರಬೇತಿ ಬೇಕಾಗದು. ಕ್ರಿಯಾಪದವನ್ನು ಮಾತ್ರ ಭೂತಕಾಲದಿಂದ ಭವಿಷ್ಯಕ್ಕೆ ತಿರುಗಿಸಿದರೆ ಸಾಕು.

ಮೂರನೇ ಹಂತ: ನೌಕೆ

ನೌಕೆಯಿಲ್ಲದ ಉತ್ಸವ ತೇರಿಲ್ಲದ ಜಾತ್ರೆ. ಆದರೆ ಎಚ್ಚರ, ಇಲ್ಲಿ ವಕೀಲರಿದ್ದಾರೆ. ಕರ್ಕನ ಮುಖಕ್ಕೂ ಎಂಟರ್‌ಪ್ರೈಸಿನ ಆಕಾರಕ್ಕೂ ಒಡೆಯರುಂಟು. ಅವನ ಪ್ರತಿಮೆ ನಿಲ್ಲಿಸಬೇಕೆಂದು ಹೊರಟ ರಿವರ್‌ಸೈಡಿಗೆ ಸ್ಟುಡಿಯೊದ ಪರವಾನಗಿ ಶುಲ್ಕ ಕೈಗೆಟುಕಲಿಲ್ಲ. ಅವರು ಕಂಡುಕೊಂಡ ಉಪಾಯವನ್ನು ಹಾಗೆಯೇ ಬಳಸಬಹುದು. ಎಂಟರ್‌ಪ್ರೈಸನ್ನು ಚೆನ್ನಾಗಿ ನೋಡಿದವರಿಗೆ ಅದೇ ಅನ್ನಿಸಬೇಕು, ನ್ಯಾಯಾಧೀಶರಿಗೆ ಅದಲ್ಲ ಅನ್ನಿಸಬೇಕು, ಅಂಥದ್ದೊಂದು ನೌಕೆ ಕಟ್ಟಿ ‘ಯುಎಸ್‌ಎಸ್ ರಿವರ್‌ಸೈಡ್’ ಎಂದು ಹೆಸರಿಟ್ಟರು. ಟ್ರೇಲರ್ ಮೇಲೆ ಕೂರಿಸಿದರು. ನಕ್ಷತ್ರಗಳ ನಡುವೆ ಬೆಳಕನ್ನು ಮೀರಿ ಓಡುವ ಹಡಗಿನ ಈ ತಂಗಿ ಮೆರವಣಿಗೆಯ ದಿನ ಹೊರಟು, ಊರ ಬೀದಿಯಲ್ಲಿ ಮಕ್ಕಳ ನಡಿಗೆಯ ವೇಗದಲ್ಲಿ ಸಾಗುತ್ತದೆ.

ಪ್ರತಿಮೆ ಕೊನೆಗೂ ಬಂತು, 2018ರಲ್ಲಿ. ಕೇವಲ ಮೂವತ್ತಮೂರು ವರ್ಷ ಕಾಯಬೇಕಾಯಿತು. ಇನ್ನೂ ಇನ್ನೂರಹತ್ತು ವರ್ಷ ಕಾಯಲು ತಯಾರಿರುವ ಊರಿಗೆ ಇದು ಟಪಾಲು ತಡವಾದಷ್ಟೇ.

ಪ್ರತಿಮೆ ಇಲ್ಲದ ದಿನಗಳಲ್ಲಿ ಏನು ಮಾರುವುದು? ಮಣ್ಣು ಮಾರಿ. ರಿವರ್‌ಸೈಡಿನವರು ಪುಟ್ಟ ಸೀಸೆಗಳಲ್ಲಿ ‘ಕರ್ಕ್ ಮಣ್ಣು’ ತುಂಬಿ ಮೂರು ಡಾಲರಿಗೆ ಒಂದರಂತೆ ಮಾರಿದರು. ಈ ಕೈಪಿಡಿಯಲ್ಲಿ ನನಗೆ ತೀರ ಇಷ್ಟವಾದ ಭಾಗ ಇದು. ಎಕರೆಗೆ ಬೆಲೆ ಬಿದ್ದುಹೋದ ಭೂಮಿ ಅದು; ಚಮಚದ ಲೆಕ್ಕದಲ್ಲಿ ಮಾರಿದಾಗ ಬೆಲೆ ಬಂತು. ಯಾವ ಕೃಷಿ ವಿಶ್ವವಿದ್ಯಾಲಯವೂ ಈ ಬೆಳೆಯನ್ನು ಶಿಫಾರಸು ಮಾಡಿರಲಿಲ್ಲ.

ನಾಲ್ಕನೇ ಹಂತ: ಹಳೆಯ ಹಬ್ಬಕ್ಕೆ ಹೊಸ ಹೆಸರು

ಹೊಸ ಉತ್ಸವ ಕಟ್ಟಬೇಡಿ. ಇದ್ದದ್ದಕ್ಕೆ ಬಣ್ಣ ಹೊಡೆಯಿರಿ. ಹೆಚ್ಚಿನ ಊರುಗಳು ಎಡವುವುದು ಇಲ್ಲೇ: ಸಲಹೆಗಾರರನ್ನು ನೇಮಿಸಿ, ವರದಿ ಬರೆಸಿ, ಮೊದಲ ವರ್ಷವೇ ರಾಜಧಾನಿಯಿಂದ ಧ್ವನಿವರ್ಧಕ ತರಿಸಿ, ಎರಡನೇ ವರ್ಷ ಬಾಕಿ ತೀರಿಸುತ್ತ ಕೂರುತ್ತಾರೆ. ರಿವರ್‌ಸೈಡಿನಲ್ಲಿ ಮೊದಲೇ ‘ರಿವರ್ ಫೆಸ್ಟ್’ ಎಂಬ ಬೇಸಗೆಯ ಹಬ್ಬವಿತ್ತು. ಅದನ್ನು ‘ಟ್ರೆಕ್ ಫೆಸ್ಟ್’ ಎಂದರು. ಊರ ಫಲಕದ ಮೇಲಿದ್ದ ಘೋಷವಾಕ್ಯದಲ್ಲಿಯೂ ಇದೇ ಮಿತವ್ಯಯ: ಶ್ರೇಷ್ಠವಾದದ್ದು ಶುರುವಾಗುವುದು ಇಲ್ಲಿಂದ ಎಂದಿದ್ದದ್ದು, ಟ್ರೆಕ್ ಶುರುವಾಗುವುದು ಇಲ್ಲಿಂದ ಎಂದಾಯಿತು. ಪೇಂಟರಿಗೆ ಅರ್ಧ ದಿನದ ಕೂಲಿ.

ಪ್ರತಿ ಜೂನ್ ಕೊನೆಯ ವಾರಾಂತ್ಯಕ್ಕೆ ನಡೆಯುವ ಆ ಹಬ್ಬದಲ್ಲಿ ಮೆರವಣಿಗೆ ಇದೆ, ಊಟ ಇದೆ, ಸಂಗೀತ ಇದೆ, ಭಾರ ಕಟ್ಟಿ ಟ್ರ್ಯಾಕ್ಟರ್ ಎಳೆಸುವ ಸ್ಪರ್ಧೆ ಇದೆ. ಅದರ ಜೊತೆಗೆ ವೇಷದ ಸ್ಪರ್ಧೆ. ಮೆರವಣಿಗೆ ನೋಡಲು ಮಡಚುವ ಕುರ್ಚಿ ಹಾಕಿಕೊಂಡು ಕೂತ ಅಜ್ಜನ ಮುಂದೆ ಧಾರಾವಾಹಿಯ ಅನ್ಯಗ್ರಹದವನಾದ, ಹಣೆ ಉಬ್ಬಿದ ಕ್ಲಿಂಗನ್ ಯೋಧನೊಬ್ಬ ಹಾದುಹೋಗುತ್ತಾನೆ, ಹಿಂದೆಯೇ ಅಗ್ನಿಶಾಮಕ ದಳದ ಗಾಡಿ ಬರುತ್ತದೆ. ಅಜ್ಜ ಇಬ್ಬರಿಗೂ ಕೈ ಬೀಸಬಹುದು. ಅದರಲ್ಲಿ ವಿಚಿತ್ರವೇನೂ ಇಲ್ಲ. ಯಾವ ಮೆರವಣಿಗೆಯಲ್ಲಿ ತಾನೆ ಎಲ್ಲರೂ ಒಂದೇ ಶತಮಾನದವರಾಗಿರುತ್ತಾರೆ?

ಕ್ಲಿಂಗನ್ ವೇಷದವರು ವರ್ಷಕ್ಕೆ ಎರಡು ದಿನದ ನೆಂಟರು. ಕಸ ಗುಡಿಸುವವರು, ಕುರ್ಚಿ ಎಣಿಸುವವರು, ಮಳೆ ಬಂದರೆ ಟಾರ್ಪಾಲು ಎಳೆಯುವವರು ಆ ಊರಿನವರೇ. ಅವರಿಗೆ ಅಭಿಮಾನಿಗಳ ಸೂಕ್ಷ್ಮಗಳು ಬೇಕಿಲ್ಲ, ಅವರ ಟ್ರ್ಯಾಕ್ಟರ್ ಸ್ಪರ್ಧೆ ಅವರಿಗೆ ಇರಬೇಕು. ಟ್ರ್ಯಾಕ್ಟರನ್ನು ಕಿತ್ತುಹಾಕಿ ಪೂರ್ತಿ ಅಂತರಿಕ್ಷವನ್ನೇ ತುಂಬಲು ಹೋದ ಉತ್ಸವ ಹೆಚ್ಚು ಕಾಲ ನಿಲ್ಲದು, ಅಂತರಿಕ್ಷದಲ್ಲಿ ಸ್ವಯಂಸೇವಕರಿಲ್ಲ.

ಬೇರೆ ಮಾದರಿಗಳು

ನಿಮ್ಮ ಊರಿಗೆ ಮೇಲಿನ ಮಾದರಿ ಹೊಂದದಿದ್ದರೆ ಕೆನಡಾದ್ದನ್ನು ನೋಡಿ. ಆಲ್ಬರ್ಟಾ ಪ್ರಾಂತ್ಯದಲ್ಲಿ, ಕ್ಯಾಲ್ಗರಿಯ ಆಗ್ನೇಯಕ್ಕೆ ಗೋಧಿ ಬಯಲಿನ ನಡುವೆ ವಲ್ಕನ್ ಎಂಬ ಊರಿದೆ. ಎರಡು ಸಾವಿರಕ್ಕೂ ಕಡಿಮೆ ಜನ. ಇಲ್ಲಿ ಖಾಲಿ ಜಾಗ ಹುಡುಕುವ ಶ್ರಮವೂ ಇರಲಿಲ್ಲ. ಸುಮಾರು 1910ರಲ್ಲಿ ರೈಲು ಕಂಪನಿಯ ಸರ್ವೇಯರ್ ಒಬ್ಬರು ರೋಮನ್ನರ ಅಗ್ನಿದೇವತೆಯ ಹೆಸರನ್ನು ಇಟ್ಟುಹೋಗಿದ್ದರು. ಬೀದಿಗಳಿಗೂ ಆಗ ರೋಮನ್ ದೇವರುಗಳದೇ ಹೆಸರು. ಅರ್ಧ ಶತಮಾನ ಕಳೆದ ಮೇಲೆ ಹಾಲಿವುಡ್ಡಿನವರು ಸ್ಪಾಕನ ಗ್ರಹಕ್ಕೆ ಅದೇ ಹೆಸರಿಟ್ಟರು. ಊರಿಗೂ ಗ್ರಹಕ್ಕೂ ಏನೂ ಸಂಬಂಧವಿಲ್ಲ. ಸಂಬಂಧ ಇಲ್ಲದಿರುವುದೇ ಇಲ್ಲಿ ಬಂಡವಾಳ.

ಈ ಊರಿನ ಮೊದಲ ಹೆಗ್ಗಳಿಕೆ ರೈಲು ಹಳಿಯ ಪಕ್ಕದಲ್ಲಿ ಸಾಲಾಗಿ ನಿಂತ ಒಂಬತ್ತು ಎತ್ತರದ ಧಾನ್ಯದ ಕಣಜಗಳು. ಆ ಸಾಲು ಈಗ ಇಲ್ಲ. 1995ರಲ್ಲಿ ಊರಿನವರು ಹೆದ್ದಾರಿಯಿಂದ ಬರುವವರಿಗೆ ಕಾಣುವಂತೆ 31 ಅಡಿ ಉದ್ದದ, ಐದು ಟನ್ ತೂಕದ ನಕ್ಷತ್ರನೌಕೆಯನ್ನು ಕಂಬದ ಮೇಲೆ ನಿಲ್ಲಿಸಿದರು. ಅದಕ್ಕೆ ನೋಂದಣಿ ಸಂಖ್ಯೆಯೂ ಉಂಟು; ಅದರಲ್ಲಿ ಊರಿನ ಪುಟ್ಟ ವಿಮಾನಪಟ್ಟಿಯ ಸಂಕೇತ ಸೇರಿದೆ. ಇಂಥ ವಿವರಗಳಲ್ಲಿ ಉದಾಸೀನ ಸಲ್ಲದು. ಸುಳ್ಳಿಗೆ ಆರ್‌ಟಿಒ ನಂಬರ್ ಪ್ಲೇಟ್ ಇದ್ದರೆ ಅರ್ಧ ನಿಜ. 1998ರಲ್ಲಿ ಇಳಿದು ನಿಂತ ನೌಕೆಯ ಆಕಾರದ ಪ್ರವಾಸಿ ಕೇಂದ್ರವೂ ಬಂತು. ಪ್ರತಿ ವರ್ಷ ‘ಸ್ಪಾಕ್ ಡೇಸ್’ ನಡೆಯುತ್ತದೆ. ಚೂಪು ಕಿವಿಗಳು ಸರಾಗವಾಗಿ ಓಡಾಡುತ್ತವೆ.

2009ರಲ್ಲಿ ಹೊಸ ಸ್ಟಾರ್ ಟ್ರೆಕ್ ಸಿನಿಮಾ ಬಂದಾಗ ಅದರ ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆಂದು ವಲ್ಕನ್ ಹಟ ಹಿಡಿಯಿತು. ಸ್ಪಾಕನ ಪಾತ್ರಧಾರಿ ಲಿಯೊನಾರ್ಡ್ ನಿಮೊಯ್ ಕೂಡ ಊರಿನ ಪರವಾಗಿ ಮಾತಾಡಿದರು. ಒಂದೇ ಒಂದು ತೊಡಕು: ಊರಿನಲ್ಲಿ ಸಿನಿಮಾ ಟಾಕೀಸು ಇರಲಿಲ್ಲ. ಊರಿನ ಸುಮಾರು 300 ಜನರಿಗೆ ಕ್ಯಾಲ್ಗರಿಯಲ್ಲಿ ವಿಶೇಷ ಪ್ರದರ್ಶನ ಏರ್ಪಾಡಾಯಿತು. ಅಂತರಗ್ರಹ ರಾಜಧಾನಿಯ ಪ್ರಜೆಗಳು ಸಿನಿಮಾ ನೋಡಲು ಜಿಲ್ಲಾ ಕೇಂದ್ರಕ್ಕೆ ಹೋಗಿಬಂದಂತೆ ಹೋಗಿಬಂದರು. ಮರುವರ್ಷ, 2010ರ ಏಪ್ರಿಲ್ 23ರಂದು, ನಿಮೊಯ್ ತಾವೇ ಬಂದರು. ತಮ್ಮ ಕಂಚಿನ ಪ್ರತಿಮೆಯನ್ನು ನೋಡಿದರು, ಸ್ಪಾಕನ ವಂದನೆಯಂತೆ ಬೆರಳು ಕವಲೊಡೆದ ಕೈಯ ಅಚ್ಚು ಬಿಟ್ಟುಹೋದರು. 2015ರಲ್ಲಿ ಅವರು ತೀರಿಕೊಂಡಾಗ ಅಭಿಮಾನಿಗಳು ಹೂವು ಇಡಲು ಬಂದದ್ದು ಈ ಗೋಧಿ ಊರಿಗೆ. ಆ ಹೊತ್ತಿಗೆ ಸಂಬಂಧವಿಲ್ಲ ಎಂಬ ಮಾತು ಸುಳ್ಳಾಗಿತ್ತು.

ನಿಮ್ಮ ಊರಿನಲ್ಲಿ ಹೆಸರೂ ಇಲ್ಲ, ಸದಸ್ಯರೂ ಓದುವವರಲ್ಲ, ಮಳೆ ಮಾತ್ರ ಧಾರಾಳ ಎಂದಾದರೆ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಮಾದರಿ ಆರಿಸಿಕೊಳ್ಳಿ. ಮೂರು ಸಾವಿರ ಚಿಲ್ಲರೆ ಜನರ ಮರ ಕಡಿಯುವವರ ಊರು. 1990ರಲ್ಲಿ ಅಲ್ಲಿನ ಕಾಡಿನ ಚುಕ್ಕೆ ಗೂಬೆ ಅಳಿವಿನಂಚಿನ ಜೀವಿಗಳ ಕಾಯಿದೆಯ ರಕ್ಷಣೆಗೆ ಬಂದ ಮೇಲೆ ಸರಕಾರಿ ಕಾಡಿನಲ್ಲಿ ಕೊಡಲಿಯ ಸದ್ದು ಕುಗ್ಗಿತು. ಆಮೇಲೆ ಸ್ಟೆಫನಿ ಮೇಯರ್ ಎಂಬ ಲೇಖಕಿ ಬಿಸಿಲಿಗೆ ಬರಲಾಗದ ತಮ್ಮ ರಕ್ತಪಿಶಾಚಿಗಳಿಗೆ ಮನೆ ಹುಡುಕುತ್ತ, ಅಮೆರಿಕದಲ್ಲಿ ತೀರ ಹೆಚ್ಚು ಮಳೆ ಬೀಳುವ ಜಾಗ ಯಾವುದೆಂದು ಗೂಗಲಿನಲ್ಲಿ ಕೇಳಿದರು. 2005ರಲ್ಲಿ ‘ಟ್ವೈಲೈಟ್’ ಬಂತು, 2008ರಲ್ಲಿ ಸಿನಿಮಾ ಆಯಿತು. ಸಿನಿಮಾವನ್ನು ಫೋರ್ಕ್ಸ್‌ನಲ್ಲಿ ತೆಗೆಯಲೇ ಇಲ್ಲ. ಹೆಚ್ಚಿನ ಚಿತ್ರೀಕರಣ ಆರೆಗನ್ ರಾಜ್ಯದಲ್ಲಿ. ಜನ ಬಂದದ್ದು ಮಾತ್ರ ಫೋರ್ಕ್ಸ್‌ಗೆ: 2010ರಲ್ಲಿ 70,000ಕ್ಕೂ ಹೆಚ್ಚು. ಕಥಾನಾಯಕಿ ಬೆಲ್ಲಾಳ ಹುಟ್ಟುಹಬ್ಬ ಸೆಪ್ಟೆಂಬರ್ 13ಕ್ಕೆ. ಅದರ ಆಸುಪಾಸಿನಲ್ಲಿ ಅಲ್ಲಿ ಉತ್ಸವ. ಊರ ಆಸ್ಪತ್ರೆಯಲ್ಲಿ ಕಾದಂಬರಿಯ ಪಿಶಾಚಿ ವೈದ್ಯ ಡಾ. ಕಲೆನ್ ಹೆಸರಿಗೆ ವಾಹನ ನಿಲ್ಲಿಸುವ ಜಾಗ ಮೀಸಲಿಟ್ಟಿದ್ದರು. ಇಂಥ ಮರ್ಯಾದೆ ಎಷ್ಟು ನಿಜ ವೈದ್ಯರಿಗೆ ಸಿಕ್ಕೀತು?

ಅಲ್ಲಿನ ಮಳೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ಆಗುಂಬೆಯವರು ಇದನ್ನು ಓದಿ ನಗಬಾರದಾಗಿ ವಿನಂತಿ.

ಈ ಮಾದರಿಯ ಜೊತೆ ಬರುವ ಎಚ್ಚರಿಕೆಯ ಚೀಟಿಯನ್ನು ಮಾತ್ರ ನಗದೆ ಓದಬೇಕು. ಫೋರ್ಕ್ಸ್ ಬಳಿಯ ಕಡಲ ದಂಡೆಯಲ್ಲಿ, ಲಾ ಪುಶ್ ಎಂಬಲ್ಲಿ, ಕ್ವಿಲಿಯೂಟ್ ಎಂಬ ಮೂಲನಿವಾಸಿ ಜನ ಇದ್ದಾರೆ. ಅವರ ಮೂಲಪುರುಷರು ತೋಳಗಳಿಂದ ಮನುಷ್ಯರಾಗಿ ಮಾರ್ಪಟ್ಟವರು ಎಂಬುದು ಅವರ ಪುರಾಣ. ಕಾದಂಬರಿ ಅದನ್ನು ತಿರುಗಿಸಿ ಅವರ ಹುಡುಗರನ್ನು ತೋಳಗಳಾಗುವವರನ್ನಾಗಿ ಮಾಡಿತು. ಅವರ ಹೆಸರು ಹೊತ್ತ ಸರಕು ಅಂಗಡಿಗಳಲ್ಲಿ ಬಿಕರಿಯಾಯಿತು. ದುಡ್ಡು ಬೇರೆಲ್ಲೋ ಹೋಯಿತು. ಅದೇ ದಿನಗಳಲ್ಲಿ ಆ ಜನ ಸುನಾಮಿಯ ಹೆದರಿಕೆಯಿಂದ ಶಾಲೆ, ಮನೆಗಳನ್ನು ಎತ್ತರದ ನೆಲಕ್ಕೆ ಸಾಗಿಸಲು ಜಾಗ ಕೇಳುತ್ತಿದ್ದರು. ಅದಕ್ಕೆ ಕಾಯಿದೆಯಾದದ್ದು 2012ರಲ್ಲಿ. ಆದ್ದರಿಂದ ನಿಮ್ಮ ಕಥೆಯಲ್ಲಿ ನಿಜವಾದ ನೆರೆಯವರು ಬಂದಿದ್ದರೆ, ಮೊದಲು ಹೋಗಿ ಅವರನ್ನು ಕೇಳಿ. ಇನ್ನೂ ಹುಟ್ಟದ ಕ್ಯಾಪ್ಟನ್ನನಿಗೆ ನೋವಾಗುವುದಿಲ್ಲ. ಇವರಿಗೆ ಆಗುತ್ತದೆ.

ಸ್ಪೇನಿನ ಆವಿಲೆಸ್ ಮಾದರಿ ಸ್ವಲ್ಪ ದೊಡ್ಡ ಊರಿಗೆ, ಓದುವ ಊರಿಗೆ. ಅದು ಉಕ್ಕಿನ ಕಾರ್ಖಾನೆಗಳ ಊರು. ಯಾರ ಹುಟ್ಟೂರೆಂದೂ ಹೇಳಿಕೊಳ್ಳದೆ 2012ರಿಂದ ‘ಸೆಲ್ಸಿಯಸ್ 232’ ನಡೆಸುತ್ತಿದೆ. ರೇ ಬ್ರಾಡ್‌ಬರಿಯ ಕಾದಂಬರಿಯಲ್ಲಿ ಕಾಗದ ಹೊತ್ತಿಕೊಳ್ಳುವ 451 ಡಿಗ್ರಿ ಫ್ಯಾರನ್‌ಹೀಟನ್ನು ಯುರೋಪಿನ ಅಳತೆಗೆ ಇಳಿಸಿದರೆ ಬರುವ ಸಂಖ್ಯೆ ಅದು. ಪ್ರವೇಶ ಉಚಿತ. ಲೇಖಕರು ಬರುತ್ತಾರೆ, ಮಾತಾಡುತ್ತಾರೆ, ಜನ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಯಂತ್ರದಲ್ಲಿ ತಿರುಗುವ ಭಾಗ ಕಡಿಮೆಯಾದಷ್ಟೂ ಕೆಡುವುದೂ ಕಡಿಮೆ.

ದೋಷ ಮತ್ತು ಪರಿಹಾರ

ನಾಯಕ ಬೇರೆ ಕಡೆ ಹುಟ್ಟಿಬಿಟ್ಟರೆ: ಗಾಬರಿ ಬೇಡ. 2009ರ ಸಿನಿಮಾದಲ್ಲಿ ಕರ್ಕ್ ಅಯೋವಾದಲ್ಲಿ ಹುಟ್ಟುವುದೇ ಇಲ್ಲ. ದಾಳಿಗೆ ಸಿಕ್ಕ ನೌಕೆಯಿಂದ ತಪ್ಪಿಸಿಕೊಳ್ಳುವ ಪುಟ್ಟ ಹಡಗಿನಲ್ಲಿ, ನಡು ಅಂತರಿಕ್ಷದಲ್ಲಿ ಹುಟ್ಟುತ್ತಾನೆ. ಉಳಿದ ಯಾವ ಕ್ಷೇತ್ರವಾದರೂ ಈ ಪೆಟ್ಟಿಗೆ ಮಲಗಿಬಿಡುತ್ತಿತ್ತು. ರಿವರ್‌ಸೈಡಿಗೆ ಉತ್ತರ ಸಿದ್ಧವಿತ್ತು, ಅದೂ ಸಿನಿಮಾದವರೇ ಕೊಟ್ಟದ್ದು: ಅದು ಬೇರೊಂದು ಕಾಲಧಾರೆ. ಆ ಧಾರೆಯಲ್ಲಿ ಹೀಗಾಯಿತು, ನಮ್ಮ ಧಾರೆಯಲ್ಲಿ ಕಲ್ಲು ಕಲ್ಲೇ. ಮೇಲಾಗಿ ಅದೇ ಸಿನಿಮಾ ಎಂಟರ್‌ಪ್ರೈಸ್ ಕಟ್ಟುವ ಹಡಗುಕಟ್ಟೆಗೆ ರಿವರ್‌ಸೈಡ್ ಎಂದು ಹೆಸರಿಟ್ಟು ಪರಿಹಾರ ಕೊಟ್ಟಿತು.

ನಾಯಕನೇ ಬಂದು ಮೋಸ ಮಾಡಿದರೆ: ಇದೂ ನಡೆದಿದೆ. 2004ರಲ್ಲಿ ಶಾಟ್ನರ್ ಒಂದು ತಂಡದೊಂದಿಗೆ ರಿವರ್‌ಸೈಡಿಗೆ ಬಂದು, ಇಲ್ಲಿ ವಿಜ್ಞಾನ ಕಥೆಯ ಸಿನಿಮಾ ತೆಗೆಯುತ್ತೇವೆ ಎಂದರು. ಊರಿನವರಿಗೆ ಪಾತ್ರ ಸಿಕ್ಕಿತು, ಕೆಲಸ ಸಿಕ್ಕಿತು. ದಿನಗಟ್ಟಲೆ ಚಿತ್ರೀಕರಣ ನಡೆದ ಮೇಲೆ ಸತ್ಯ ಹೊರಬಿತ್ತು. ಸಿನಿಮಾ ಇರಲೇ ಇಲ್ಲ. ಊರಿನವರು ಬೆರಗಾಗುವುದನ್ನು ಸೆರೆಹಿಡಿಯುವ ‘ಇನ್‌ವೇಷನ್ ಅಯೋವಾ’ ಎಂಬ ಟಿವಿ ಕಾರ್ಯಕ್ರಮ ಅದು, ಮರುವರ್ಷ ಪ್ರಸಾರವಾಯಿತು. ಊರಿಗೆ ಒಂದು ಲಕ್ಷ ಡಾಲರ್ ಕೊಟ್ಟರು. ಬಹಳ ಮಂದಿ ನಕ್ಕು ಬಿಟ್ಟರು, ಕೆಲವರಿಗೆ ಬೇಸರವೂ ಆಯಿತು. ಹುಟ್ಟದವನ ಹುಟ್ಟುಹಬ್ಬ ಮಾಡಿಕೊಂಡು ಇಪ್ಪತ್ತು ವರ್ಷ ಕಳೆದವರಿಗೆ ಇದೇನು ಮಹಾ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟ್ರೆಕ್ ಫೆಸ್ಟಿನ ಸುಳ್ಳು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಮಣ್ಣಿನ ಸೀಸೆ ಕೊಳ್ಳುವವನಿಗಂತೂ ಚೆನ್ನಾಗಿ ಗೊತ್ತು. ಟಿವಿಯವರ ಸುಳ್ಳು ಒಂದು ಕಡೆಯವರಿಗೆ ಮಾತ್ರ ಗೊತ್ತಿತ್ತು. ಚೆಕ್ಕು ತೆಗೆದುಕೊಳ್ಳಿ, ಬ್ಯಾಂಕಿಗೆ ಹಾಕಿ, ಮುಂದಿನ ಜೂನ್‌ಗೆ ತಯಾರಿ ಶುರು ಮಾಡಿ.

ಅಭಿಮಾನಿ ಬಂದು ತಪ್ಪು ಎತ್ತಿ ತೋರಿಸಿದರೆ: ಖಂಡಿತ ತೋರಿಸುತ್ತಾನೆ. ಕಥಾಲೋಕದ ಕಾಲಾನುಕ್ರಮವನ್ನು ಆಮೇಲೆ ಲೆಕ್ಕ ಹಾಕಿದವರ ಪ್ರಕಾರ ಕರ್ಕ್ ಹುಟ್ಟುವುದು 2228ರಲ್ಲಲ್ಲ, 2233ರಲ್ಲಿ. ಅವನಿಗೆ ಒಂದು ಕುರ್ಚಿ, ತಣ್ಣನೆಯ ಏನಾದರೂ ಕುಡಿಯಲು ಕೊಡಿ, ಪೂರ್ತಿ ಕೇಳಿಸಿಕೊಳ್ಳಿ. ತಪ್ಪು ಹಿಡಿಯುವ ಸುಖಕ್ಕಾಗಿಯೇ ಅವನು ಅಷ್ಟು ದೂರದಿಂದ ಬಂದಿರುತ್ತಾನೆ. ಕಲ್ಲನ್ನು ತಿದ್ದಿಬಿಟ್ಟರೆ ಮುಂದಿನ ವರ್ಷ ಬರುವುದಿಲ್ಲ.

ಕರ್ನಾಟಕದಲ್ಲಿ ಬಳಸುವವರಿಗೆ

ಇಲ್ಲಿ ಅಯೋವಾದ ಯಂತ್ರವನ್ನು ಆಮದು ಮಾಡಿಕೊಳ್ಳುವ ಅಗತ್ಯವಿಲ್ಲ, ಬಿಡಿಭಾಗಗಳು ಊರಲ್ಲೇ ಇವೆ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲ. ಆದರೂ ಶಂಕರ್‌ನಾಗ್ ಅದನ್ನು ಟಿವಿಗೆ ತೆಗೆಯಲು ಆಗುಂಬೆಗೆ ಬಂದರು. ರೈಲು ನಿಲ್ದಾಣಕ್ಕೆ ಶಿವಮೊಗ್ಗ ಜಿಲ್ಲೆಯ ಅರಸಾಳನ್ನು ಆರಿಸಿಕೊಂಡರು. ಆ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಇಲ್ಲದ ಊರಿನ ಇರುವ ನಿಲ್ದಾಣ. ಕನ್ನಡದಲ್ಲಿ ವಿಜ್ಞಾನ ಕಥೆಗೂ ಬರವಿಲ್ಲ. ರಾಜಶೇಖರ ಭೂಸನೂರಮಠರು ಬರೆದಿಟ್ಟು ಹೋದ ಲೋಕಗಳಲ್ಲಿ ಇನ್ನೂ ಯಾವ ಊರೂ ಸೈಟು ಹಿಡಿದಿಲ್ಲ. ಮೊದಲು ಠರಾವು ಮಾಡಿದ ಪಂಚಾಯತಿಗೆ ಆದ್ಯತೆ. ಮಲೆನಾಡಿನವರು ಜೂನ್ ತಿಂಗಳನ್ನು ಆರಿಸಿಕೊಳ್ಳಬಾರದು. ಟ್ರೇಲರ್ ಮೇಲಿನ ನೌಕೆ ತೇಲಿಹೋದರೆ ಕಂಪನಿ ಜವಾಬ್ದಾರಿಯಲ್ಲ.

ವಾರಂಟಿ

ವಾರಂಟಿಯ ಅವಧಿ 2228ರ ಮಾರ್ಚ್ 22ರವರೆಗೆ. ಪಂಚಾಂಗ ಲೆಕ್ಕ ಹಾಕಿ ನೋಡಿದ್ದೇನೆ, ಆ ದಿನ ಶನಿವಾರ. ಜನ ಬರಲು ಅನುಕೂಲ. ಆ ದಿನ ಊರಿನಲ್ಲಿ ಹೆರಿಗೆಯಾಗದಿದ್ದರೆ, ಅಥವಾ ಹೆಣ್ಣುಮಗು ಹುಟ್ಟಿದರೆ, ಅಥವಾ ಹುಟ್ಟಿದ ಗಂಡುಮಗುವಿಗೆ ಅಪ್ಪ ಅಮ್ಮ ಬೇರೆ ಹೆಸರಿಡುತ್ತೇವೆಂದು ಹಟ ಹಿಡಿದರೆ, ಸಭೆ ಕೂಡಲೇ ಸೇರಿ ಅಭಿಮಾನಿಗಳ ಲೆಕ್ಕವನ್ನು ಅಧಿಕೃತವಾಗಿ ಒಪ್ಪಿಕೊಂಡು ಜನನವನ್ನು 2233ಕ್ಕೆ ಮುಂದೂಡತಕ್ಕದ್ದು. ಆ ವರ್ಷ ಮಾರ್ಚ್ 22 ಶುಕ್ರವಾರ ಬೀಳುತ್ತದೆ. ಶಾಲೆಗೆ ರಜೆ ಕೊಡುವ ವಿಷಯವನ್ನು ಮೊದಲೇ ಅಜೆಂಡಾದಲ್ಲಿ ಸೇರಿಸಿ. ನಡುವಿನ ಐದು ವರ್ಷದ ಹಬ್ಬಗಳನ್ನು ಎಂದಿನಂತೆ ನಡೆಸಬಹುದು. ಟ್ರ್ಯಾಕ್ಟರ್ ಸ್ಪರ್ಧೆಗೆ ಹೆಸರು ಕೊಡುವವರು ಮೇ ತಿಂಗಳ ಒಳಗೆ ಕೊಡಬೇಕು.